ನಾವು ಆಫ್ರಿಕಾಕ್ಕೆ ಹೊರಟ ವರ್ಷ

ಆಫ್ರಿಕಾಕ್ಕೆ ಹೋಗುವ ಮಾತು ನಮ್ಮ ಮನೆಗೆ ಬಂದದ್ದು ನನ್ನ ಗಂಡನ ಲ್ಯಾಪ್‌ಟಾಪ್ ಬ್ಯಾಗಿನೊಳಗೆ. ಆಗ ನಾವು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿದ್ದೆವು, ಅವರ ಪ್ರಾಜೆಕ್ಟ್ ಅಟ್ಲಾಂಟಾದಲ್ಲಿತ್ತು. ಸೋಮವಾರ ಬೆಳಕು ಹರಿಯುವ ಮುಂಚೆ ಏರ್‌ಪೋರ್ಟಿಗೆ ಹೊರಟರೆ ಗುರುವಾರ ಸಂಜೆ ವಾಪಸು. ಅದು ಮೂರನೆಯ ವರ್ಷ. ಒಂದು ಗುರುವಾರ ಬಂದವರು ಶೂ ಕೂಡ ಬಿಚ್ಚದೆ, ವಿಮಾನದಲ್ಲಿ ಓದಲು ಇಟ್ಟಿರುವ ಪತ್ರಿಕೆಯಿಂದ ಹರಿದು ತಂದ ಹಾಳೆಯೊಂದನ್ನು ಅಡುಗೆಮನೆಯ ಕೌಂಟರಿನ ಮೇಲೆ ಬಿಡಿಸಿಟ್ಟರು. ಮೇಲೆ ಮುಚ್ಚಿಗೆಯಿಲ್ಲದ ದೊಡ್ಡ ಜೀಪು, ಅದರಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ನಾಲ್ವರ ತಲೆಯ ಮೇಲೂ ಒಂದೇ ಥರದ ಟೋಪಿ, ಎದುರಿಗೆ ಆನೆಗಳ ಹಿಂಡು. ಆ ಅಮ್ಮನ ಅಂಗಿಗೆ ಒಂದು ಸುಕ್ಕೂ ಇರಲಿಲ್ಲ.

"ಈ ಸಲ ಬೀಚ್ ಬೇಡ. ಮಕ್ಕಳನ್ನ ಕರ್ಕೊಂಡು ಇಲ್ಲಿಗೆ ಹೋಗೋಣ. ಮೈಲ್ಸ್ ಬೇಕಾದಷ್ಟು ಸೇರಿದೆ," ಅಂದರು.

ವಾರ ವಾರ ಹಾರಾಡಿ ಅವರು ಕೂಡಿಹಾಕಿದ್ದ, ಪುಕ್ಕಟೆ ಟಿಕೆಟ್ಟಿಗೆ ಆಗುವ ಏರ್‌ಲೈನ್ ಮೈಲುಗಳ ಬಗ್ಗೆ ಅವರಿಗೊಂದು ಹೆಮ್ಮೆಯಿತ್ತು. ಮನೆಯಲ್ಲಿ ಇಲ್ಲದ ದಿನಗಳಿಗೆಲ್ಲ ಅದು ಬಡ್ಡಿ ಸಮೇತ ಬರುತ್ತದೆ ಎಂದುಕೊಂಡಿದ್ದರೋ ಏನೋ. ನಾನು ಡಿಶ್‌ವಾಷರಿಗೆ ಪಾತ್ರೆ ತುಂಬುತ್ತಿದ್ದೆ. ಬೇಡ ಎನ್ನಲಿಲ್ಲ. ಬೇಡ ಎಂದರೆ ಕಾರಣ ಹೇಳಬೇಕು, ಕಾರಣ ಹೇಳಲು ಶಕ್ತಿ ಬೇಕು. ನೋಡೋಣ ಎಂದೆ. ಮೆಟ್ಟಿಲ ಮೇಲೆ ಕೂತಿದ್ದ ಮಗಳು ಕೇಳಿಸಿಕೊಂಡಿದ್ದಳು. ಮರುದಿನ ಶಾಲೆಯಲ್ಲಿ ಇಡೀ ಕ್ಲಾಸಿಗೆ ನಾವು ಆಫ್ರಿಕಾಕ್ಕೆ ಹೋಗುತ್ತೇವೆ ಎಂದು ಹೇಳಿ ಬಂದಳು. ಅಲ್ಲಿಗೆ ಅದು ತೀರ್ಮಾನವಾಯಿತು. ಭಾನುವಾರ ಅವರು ಶರ್ಟುಗಳಿಗೆ ಇಸ್ತ್ರಿ ಹಾಕಿಕೊಂಡರು, ಸೋಮವಾರ ಹೋದರು. ಹಾಳೆ ಮಾತ್ರ ಕೌಂಟರಿನ ಮೇಲೆ ನನ್ನ ಪಾಲಿಗೆ ಉಳಿಯಿತು.

ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿಯಲ್ಲಿ ನನ್ನದು ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಸಾಫ್ಟ್‌ವೇರ್ ಎಲ್ಲೆಲ್ಲಿ ಮುರಿದು ಬೀಳುತ್ತದೆ ಎಂದು ಹುಡುಕುವುದು. ವರ್ಷಗಟ್ಟಲೆ ಅದನ್ನೇ ಮಾಡಿದರೆ ಬುದ್ಧಿಯೂ ಹಾಗೇ ಆಗಿಬಿಡುತ್ತದೆ. ಆನೆಯ ಚಿತ್ರ ತೋರಿಸಿದರೆ ನನಗೆ ಕಾಣುವುದು ಮಲೇರಿಯಾ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದೂವರೆ. ಬೆಳಿಗ್ಗೆ ಒಬ್ಬಳನ್ನು ಶಾಲೆಗೆ, ಇನ್ನೊಬ್ಬನನ್ನು ಡೇಕೇರಿಗೆ ಇಳಿಸಿ ಆಫೀಸಿನ ಪಾರ್ಕಿಂಗ್ ಲಾಟ್ ತಲುಪಿದ ಮೇಲೆ ಒಳಗೆ ಹೋಗುವ ಮುಂಚಿನ ಸ್ವಲ್ಪ ಹೊತ್ತು ಮಾತ್ರ ನನ್ನದು. ಮೊದಲು ಆ ಹೊತ್ತಿನಲ್ಲಿ ಫ್ಲಾಸ್ಕಿನ ಕಾಫಿ ಕುಡಿದುಕೊಂಡು ಸುಮ್ಮನೆ ಕೂರುತ್ತಿದ್ದೆ. ಈಗ ಅದೂ ಆಫ್ರಿಕಾಕ್ಕೆ ಹೋಯಿತು.

ಇಂಟರ್ನೆಟ್ಟಿನಲ್ಲಿ ಹುಡುಕಿ ಜೋಹಾನ್ಸ್‌ಬರ್ಗ್‌ನ ಒಬ್ಬ ಟ್ರಾವೆಲ್ ಏಜೆಂಟನ್ನು ಹಿಡಿದಿದ್ದೆ. ಹೆಂಗಸು, ವಯಸ್ಸಾದವರಿರಬೇಕು, ಸ್ವಲ್ಪ ಒಡಕು ದನಿ. ನನಗೆ ಬೆಳಿಗ್ಗೆಯಾದರೆ ಅವರಿಗೆ ಮಧ್ಯಾಹ್ನದ ಊಟ ಮುಗಿದಿರುತ್ತಿತ್ತು. ಕಾಲಿಂಗ್ ಕಾರ್ಡಿನ ಉದ್ದದ ನಂಬರು ಒತ್ತಿ, ಎರಡು ಸಲ ತಪ್ಪಿ, ಮೂರನೆಯ ಸಲ ಸಿಕ್ಕರೆ ಅವರು ಮೊದಲು ನನ್ನ ಮಕ್ಕಳ ಶೀತ ಕೆಮ್ಮು ವಿಚಾರಿಸುತ್ತಿದ್ದರು. ಮಕ್ಕಳಿರುವವರು ಮಲೇರಿಯಾ ಇಲ್ಲದ ಕಡೆ ಹೋಗುವುದು ಒಳ್ಳೆಯದು, ಬೋಟ್ಸ್ವಾನಾ ಗಡಿಯ ಹತ್ತಿರ ಅಂಥದೊಂದು ಅಭಯಾರಣ್ಯ ಇದೆ, ಏರ್‌ಪೋರ್ಟಿನಿಂದ ವ್ಯಾನಿನಲ್ಲೇ ಹೋಗಬಹುದು ಎಂದು ಹೇಳಿದ್ದು ಅವರೇ. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು ಎಂದಾಗ, ಹಾಗಾದರೆ ಕುಂಬಳಕಾಯಿ ಆಗುತ್ತದೆಯೇ ಎಂದು ಕೇಳಿದರು.

ಎಲ್ಲ ಒಂದು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಚಿಕ್ಕವನಿಗೆ ವಯಸ್ಸೆಷ್ಟು ಎಂದು ಕೇಳಿದರು. ಐದೂವರೆ ಎಂದೆ. ಆರು ತುಂಬದ ಮಕ್ಕಳನ್ನು ಜೀಪಿಗೆ ಹತ್ತಿಸುವುದಿಲ್ಲವಂತೆ. ಮಗು ಕಿರುಚಿದರೆ, ಎದ್ದು ನಿಂತರೆ, ಪ್ರಾಣಿಗಳು ಹೇಗೆ ನಡೆದುಕೊಳ್ಳುತ್ತವೋ ಹೇಳಲಾಗುವುದಿಲ್ಲ. ಮಗುವಿನ ಜೊತೆ ನಾನು ಬೇಕಾದರೆ ಲಾಡ್ಜಿನಲ್ಲಿ ಉಳಿಯಬಹುದು, ಬಾಗಿಲಿಗೇ ಕೋತಿಗಳು ಬರುತ್ತವೆ ಎಂದು ಸಮಾಧಾನ ಹೇಳಿದರು. ಅರ್ಧ ಭೂಮಿ ದಾಟಿ ಹೋಗಿ ರೂಮಿನಲ್ಲಿ ಕೂತು ಮಗನಿಗೆ ಬಣ್ಣ ತುಂಬುವ ಪುಸ್ತಕ ಕೊಡುವ ಚಿತ್ರ ನನ್ನ ಕಣ್ಣ ಮುಂದೆ ಬಂತು. ಹಾಗಾಗಿ ಜೂನ್ ಬಿಟ್ಟು ಸೆಪ್ಟೆಂಬರ್ ಕೊನೆಗೆ ಹಾಕಿದೆವು. ಅಷ್ಟರಲ್ಲಿ ಅವನಿಗೆ ಆರು ತುಂಬಿರುತ್ತದೆ. ಕ್ಯಾರಿಯ ಶಾಲೆಗಳಲ್ಲಿ ಬೇಸಿಗೆ ರಜೆ ಒಟ್ಟಿಗೆ ಕೊಡದೆ ವರ್ಷವಿಡೀ ಹಂಚಿಬಿಡುವ ಪದ್ಧತಿ ಇತ್ತು. ಆ ರಜೆಗೆ ಟ್ರ್ಯಾಕ್ ಔಟ್ ಅನ್ನುತ್ತಿದ್ದರು. ನಮ್ಮ ಪುಣ್ಯಕ್ಕೆ ಮಗಳ ಟ್ರ್ಯಾಕ್ ಔಟ್ ಆಗಲೇ ಬಿತ್ತು. ನನ್ನ ಗಂಡನಿಗೆ ಫೋನಿನಲ್ಲಿ ಹೇಳಿದರೆ, ಸೆಪ್ಟೆಂಬರ್ ಪರ್ಫೆಕ್ಟ್, ಆಗ ನನ್ನ ಪ್ರಾಜೆಕ್ಟ್ ಮುಗಿದಿರುತ್ತೆ ಅಂದರು.

ಏಪ್ರಿಲ್‌ನಲ್ಲಿ ನಮ್ಮ ಅತ್ತೆ ಮೈಸೂರಿನಿಂದ ಬಂದಿದ್ದರು. ಆರು ತಿಂಗಳ ವಾಸ. ಮಾವನವರು ಹೋಗಿ ನಾಲ್ಕು ವರ್ಷವಾಗಿತ್ತು. ಮೈಸೂರಿನಲ್ಲಿ ಅವರ ತಂಗಿಯರು, ಭಜನೆ ಮಂಡಳಿ, ಪಕ್ಕದ ಮನೆಯ ಇಸ್ಪೀಟು ಎಂದು ತುಂಬಿ ತುಳುಕುವ ಬದುಕು. ನಮ್ಮ ಮನೆಗೆ ಬಂದರೆ ಅವರಿಗೆ ಬೇಜಾರು. ಆದರೂ ಮಗನ ಮುಖ ನೋಡಲು ಬರುತ್ತಿದ್ದರು. ಮಗ ಅಟ್ಲಾಂಟಾದಲ್ಲಿ ಇರುತ್ತಿದ್ದ. ಹೀಗಾಗಿ ಅವರು ನೋಡುತ್ತಿದ್ದದ್ದು ನನ್ನ ಮುಖವನ್ನೇ. ಸೆಪ್ಟೆಂಬರ್ ಕೊನೆಗೆ ಅವರ ಅವಧಿಯೂ ಮುಗಿಯುತ್ತಿತ್ತು. ಜೋಹಾನ್ಸ್‌ಬರ್ಗ್‌ನಿಂದ ಮುಂಬಯಿಗೆ ನೇರ ವಿಮಾನ ಇದೆ ಎಂದು ಏಜೆಂಟ್ ಬಾಯಲ್ಲಿ ಕೇಳಿದ ಮೇಲೆ, ಅತ್ತೆಯನ್ನೂ ಕರೆದುಕೊಂಡು ಹೋಗಿ ಅಲ್ಲಿಂದಲೇ ಊರಿಗೆ ಕಳಿಸಿದರೆ ಹೇಗೆ ಎಂದು ನನಗೆ ಹೊಳೆಯಿತು.

ಅತ್ತೆ ಬೀನ್ಸ್ ಮುರಿಯುತ್ತಿದ್ದವರು ತಲೆ ಎತ್ತಲಿಲ್ಲ. "ನಾಗರಹೊಳೆ ನಮ್ಮೂರಿಂದ ಅಷ್ಟು ಹತ್ರ ಇದೆ, ಅದನ್ನೇ ನೋಡಿಲ್ಲ ಕಣಮ್ಮ ನಾನು. ಆಫ್ರಿಕಾಗೆ ಹೋಗಿ ಯಾವ ಹುಲಿ ನೋಡ್ಲಿ?"

"ಅಜ್ಜೀ, ಆಫ್ರಿಕಾದಲ್ಲಿ ಟೈಗರ್ಸ್ ಇಲ್ಲ," ಅಂದಳು ಮಗಳು.

"ಹುಲಿನೂ ಇಲ್ವಾ?" ಎಂದು ಅತ್ತೆ ನನ್ನ ಕಡೆ ನೋಡಿದರು. ಆದರೆ ರಾತ್ರಿ ಊಟಕ್ಕೆ ಕೂತಾಗ, ಅಲ್ಲಿ ಚಳಿ ಇರುತ್ತಾ ಎಂದು ಕೇಳಿದರು. ಬರುತ್ತಾರೆ ಎಂದು ನನಗೆ ಗೊತ್ತಾಯಿತು.

ಮಕ್ಕಳದು ಅಮೆರಿಕದ ಪಾಸ್‌ಪೋರ್ಟ್, ಅವರಿಗೆ ವೀಸಾ ಬೇಡ. ನನಗೂ ನನ್ನ ಗಂಡನಿಗೂ ಅತ್ತೆಗೂ ಬೇಕು. ಅತ್ತೆ ಇಲ್ಲಿನ ನಿವಾಸಿಯಲ್ಲವಾದ್ದರಿಂದ ಅಂಚೆಯಲ್ಲಿ ಕಳಿಸುವುದಕ್ಕಿಂತ ಕೈಯಾರೆ ಕೊಟ್ಟು ಬರುವುದು ವಾಸಿ ಎಂದು ಏಜೆಂಟ್ ಸಲಹೆ ಕೊಟ್ಟರು. ಹಾಗಾಗಿ ಜುಲೈನಲ್ಲಿ ಒಂದು ದಿನ ರಜೆ ಹಾಕಿ ಅತ್ತೆಯನ್ನೂ ಮಕ್ಕಳನ್ನೂ ವ್ಯಾನಿನಲ್ಲಿ ತುಂಬಿಕೊಂಡು ಕತ್ತಲಲ್ಲೇ ರಾಯಭಾರ ಕಚೇರಿ ಇರುವ ವಾಷಿಂಗ್ಟನ್‌ಗೆ ಹೊರಟೆ. ರಿಚ್‌ಮಂಡ್ ದಾಟುವವರೆಗೆ ಎಲ್ಲರೂ ಮಲಗಿದ್ದರು. ಆಮೇಲೆ ಮಗ ಎದ್ದ. ನಮ್ಮ ಮಗ ಎಚ್ಚರವಾಗಿರುವಷ್ಟು ಹೊತ್ತೂ ಮಾತಾಡುತ್ತಿದ್ದ. ಲಾರಿಗಳ ಬಗ್ಗೆ, ಡೈನೋಸಾರುಗಳ ಬಗ್ಗೆ, ತನ್ನ ಮೊಣಕಾಲಿನ ಗಾಯದ ಬಗ್ಗೆ. ಕೇಳುವವರು ಇರಬೇಕೆಂದೇನೂ ಇರಲಿಲ್ಲ. ಕ್ವಾಂಟಿಕೋ ಹತ್ತಿರ ಟ್ರಾಫಿಕ್ ನಿಂತೇ ಹೋಯಿತು. ಅವನು ಹೆದ್ದಾರಿಯ ಮೇಲಿನ ಪ್ರತಿಯೊಂದು ಲಾರಿಗೂ ಹೆಸರಿಟ್ಟ. ನಾನು ಸ್ಟೀರಿಂಗ್ ಹಿಡಿದುಕೊಂಡು, ಈ ಹುಡುಗ ಆನೆಯ ಮುಂದೆ ಬಾಯಿ ಮುಚ್ಚಿಕೊಂಡು ಹೇಗೆ ಕೂರುತ್ತಾನೆ ಎಂದು ಯೋಚಿಸುತ್ತಿದ್ದೆ.

ಆರು ತುಂಬುವುದನ್ನೇನೋ ಕಾಲ ನೋಡಿಕೊಳ್ಳುತ್ತದೆ. ಬಾಯಿ ಮುಚ್ಚಿಸುವುದನ್ನು ನಾವೇ ಮಾಡಬೇಕಿತ್ತು. ವೀಸಾ ಬಂದ ಮೇಲೆ ಅತ್ತೆ ಆ ಕೆಲಸವನ್ನು ಕೈಗೆತ್ತಿಕೊಂಡರು. ಶನಿವಾರ, ಭಾನುವಾರ ಸಂಜೆ ಮನೆಯ ಹತ್ತಿರದ ಕೆರೆಯ ಪಕ್ಕ ವ್ಯಾನ್ ನಿಲ್ಲಿಸಿ, ಕಿಟಕಿ ಇಳಿಸಿ, ಮಕ್ಕಳನ್ನು ಕೂರಿಸಿಕೊಂಡು ಸಫಾರಿ ಅಭ್ಯಾಸ. ಮೊದಲು ಮಾತಾಡಿದವರು ಸೋತ ಹಾಗೆ. ಎದುರಿಗೆ ಇದ್ದದ್ದು ಕೆನಡಾ ಬಾತುಗಳು, ಅದೃಷ್ಟವಿದ್ದರೆ ಒಂದು ಜಿಂಕೆ. ಮೊದಲ ದಿನ ಮಗ ಸೀಟ್ ಬೆಲ್ಟ್ ಹಾಕುವ ಮುಂಚೆಯೇ ಸೋತ. ಅತ್ತೆ ಬಯ್ಯಲಿಲ್ಲ. ಕಿವಿಯಲ್ಲಿ ಏನೋ ಹೇಳಿಕೊಟ್ಟರು. ಮಾತು ಬಂದಾಗಲೆಲ್ಲ ಅವನು ಅಜ್ಜಿಯ ಅಂಗೈ ಒತ್ತಬೇಕು, ಅಜ್ಜಿ ವಾಪಸು ಒತ್ತುತ್ತಾರೆ. ಹೇಳಿದ ಹಾಗೆಯೇ ಲೆಕ್ಕ. ಕೆಲವು ವಾರಗಳಲ್ಲಿ ಅತ್ತೆಗೆ ಕೈ ನೋವು ಬಂತು, ಆದರೆ ವ್ಯಾನಿನೊಳಗೆ ಬಾತುಗಳ ಸದ್ದು ಕೇಳಿಸತೊಡಗಿತು. ಒಂದು ಸಂಜೆ ನಾಯಿ ಹಿಡಿದುಕೊಂಡು ಬಂದ ಒಬ್ಬ ಹೆಂಗಸು ಕಿಟಕಿಗೆ ಬಗ್ಗಿ ಎಲ್ಲ ಸರಿಯಾಗಿದೆಯೇ ಎಂದು ಕೇಳಿದಳು. ಮೂರು ತಲೆಮಾರಿನವರು ನಿಂತ ವ್ಯಾನಿನಲ್ಲಿ ಮಾತಿಲ್ಲದೆ ಕೂತಿದ್ದದ್ದು ನೋಡಿ ಅವಳಿಗೆ ಏನೋ ಆಗಬಾರದ್ದು ಆಗಿದೆ ಎನ್ನಿಸಿರಬೇಕು.

ಹೊರಡಲು ಎರಡು ವಾರ ಇದ್ದಾಗ, ಒಂದು ಮಂಗಳವಾರ ಮಧ್ಯಾಹ್ನ ನನ್ನ ಗಂಡ ಆಫೀಸಿಗೆ ಫೋನ್ ಮಾಡಿದರು. ಅವರು ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವರಲ್ಲ. ಕ್ಲೈಂಟ್ ಕಡೆಯವರು ಹೊಸ ಸಿಸ್ಟಂ ಚಾಲೂ ಮಾಡುವ ತಾರೀಕನ್ನು ಮುಂದಕ್ಕೆ ಹಾಕಿದ್ದರು. ಹಾಕಿದ್ದು ಸರಿಯಾಗಿ ನಾವು ಆಫ್ರಿಕಾದಲ್ಲಿ ಇರಬೇಕಾದ ವಾರಕ್ಕೆ. ಬಿಟ್ಟು ಬರಲು ಆಗುವುದಿಲ್ಲ, ಬಿಟ್ಟರೆ ಮುಂದಿನ ಕಾಂಟ್ರಾಕ್ಟ್ ಇಲ್ಲ. ಡಿಸೆಂಬರ್‌ಗೆ ಹಾಕಿಕೊಳ್ಳಲು ಆಗುತ್ತದೆಯೇ ಎಂದು ಕೇಳಿದರು.

ಡಿಸೆಂಬರ್‌ಗೆ ಅತ್ತೆ ಇರುವುದಿಲ್ಲ. ವೀಸಾದ ಅವಧಿ ಮುಗಿದಿರುತ್ತದೆ. ಅಲ್ಲಿ ಮಳೆ ಶುರುವಾಗಿ ಹುಲ್ಲು ಬೆಳೆದು ಪ್ರಾಣಿಗಳು ಕಾಣುವುದಿಲ್ಲ. ಮಗಳಿಗೆ ರಜೆ ಹೊಂದುವುದಿಲ್ಲ. ಇವೆಲ್ಲ ನನ್ನ ತಲೆಯಲ್ಲಿ ಒಂದರ ಹಿಂದೆ ಒಂದು ಬಂದು ನಿಂತವು. ಒಂದನ್ನೂ ಬಾಯಿಬಿಟ್ಟು ಹೇಳಲು ಮನಸ್ಸಾಗಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟಿಗೂ ಒಂದು ಕಸುವು ಬೇಕಲ್ಲ. ನಾನು ಕ್ಯೂಬಿಕಲ್‌ನಲ್ಲಿ ಕೂತು ಮೇಜಿನ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದೆ.

"ಕ್ಯಾನ್ಸಲ್ ಮಾಡೋದೂ ಒಂದು ಕೆಲಸ. ಅದು ನನ್ನ ಕೈಲಾಗಲ್ಲ. ಹೋಗಿಬಿಡೋದೇ ಸುಲಭ," ಅಂದೆ.

"ಒಬ್ಬಳೇನಾ? ಮಕ್ಕಳು, ಅಮ್ಮ ಎಲ್ಲರನ್ನೂ ಕಟ್ಕೊಂಡು?"

"ಇಲ್ಲೂ ಹಾಗೇ ತಾನೆ ಇರೋದು," ಅಂದೆ. ಚುಚ್ಚಬೇಕು ಎಂದು ಹೇಳಿದ್ದಲ್ಲ. ನಿಜ ಅಷ್ಟೇ.  ಅಷ್ಟರಲ್ಲಿ ಆ ಕಡೆ ಯಾರೋ ಅವರನ್ನು ಮೀಟಿಂಗಿಗೆ ಕರೆದರು.

ಜೋಹಾನ್ಸ್‌ಬರ್ಗ್ ವಿಮಾನ ಹೊರಡುವುದು ಅಟ್ಲಾಂಟಾದಿಂದಲೇ. ನಮ್ಮ ಪಕ್ಕದ ಊರು ರಾಲಿಯಿಂದ ಸಣ್ಣ ವಿಮಾನದಲ್ಲಿ ಅಲ್ಲಿಗೆ ಹೋಗಿ, ನಾಲ್ಕೈದು ಗಂಟೆ ಕಾದು, ದೊಡ್ಡದನ್ನು ಹತ್ತಬೇಕು. ಹೊರಡುವ ದಿನ ನನ್ನ ಗಂಡ, ನಾನು ಏರ್‌ಪೋರ್ಟಿಗೆ ಬರ್ತೀನಿ, ಆದರೆ ಟಿಕೆಟ್ ಇಲ್ಲದವರನ್ನ ಸೆಕ್ಯುರಿಟಿ ದಾಟಿಸಲ್ಲ, ನೀವೇ ಹೊರಗೆ ಬರೋಕಾಗುತ್ತಾ ಎಂದು ಮೆಸೇಜ್ ಬಿಟ್ಟಿದ್ದರು. ಆಗ ತಾನೇ ವಿಮಾನದೊಳಗೆ ನೀರು, ಎಣ್ಣೆ, ಏನೂ ಒಯ್ಯಬಾರದು ಎಂಬ ಹೊಸ ನಿಯಮ ಬಂದು ಸೆಕ್ಯುರಿಟಿ ಸಾಲುಗಳು ಹನುಮಂತನ ಬಾಲದಂತಾಗಿದ್ದವು. ರಾಲಿಯಲ್ಲಿ ಒಮ್ಮೆ ಎಲ್ಲರ ಶೂ ಬಿಚ್ಚಿಸಿ, ಅತ್ತೆಯ ಉಪ್ಪಿನಕಾಯಿ ಬಾಟಲನ್ನು ಕಸದ ಡಬ್ಬಿಗೆ ಕೊಟ್ಟು ಬಂದಿದ್ದೆ. ಅಟ್ಲಾಂಟಾದಲ್ಲಿ ಇಳಿದು ಹೊರಗೆ ಹೋಗಿ ಬಂದರೆ ಇನ್ನೊಮ್ಮೆ ಅದೆಲ್ಲ ಯಾರು ಮಾಡುತ್ತಾರೆ ಎನ್ನಿಸಿತು. ಆದರೆ ಅತ್ತೆ ಆಗಲೇ ಎದ್ದು ಸೆರಗು ಸರಿಮಾಡಿಕೊಂಡಿದ್ದರು. ಊರಿಗೆ ಹೋಗುವವರು. ಮಗನನ್ನು ಇನ್ನು ಯಾವಾಗ ನೋಡುತ್ತಾರೋ.

ಹೊರಗಿನ ದೊಡ್ಡ ಹಜಾರದಲ್ಲಿ ಅವರು ನಿಂತಿದ್ದರು. ಆಫೀಸಿನ ಬ್ಯಾಡ್ಜ್ ಇನ್ನೂ ಬೆಲ್ಟಿನಲ್ಲಿ ನೇತಾಡುತ್ತಿತ್ತು. ಮಗ ಓಡಿ ಹೋಗಿ ಕಾಲಿಗೆ ಅಂಟಿಕೊಂಡ. ಮಗಳು ಮಾತ್ರ ನನ್ನ ಪಕ್ಕದಲ್ಲೇ ನಿಂತು, ಡ್ಯಾಡಿ, ನೀನು ಬಂದಿದ್ಯಲ್ಲ, ಈಗ ಬರ್ತೀಯಾ ಎಂದು ಕೇಳಿದಳು. ಇಲ್ಲ ಮರಿ ಅಂದರು. ಅವರು ಮೂರು ಬೈನಾಕ್ಯುಲರ್ ಕೊಂಡು ತಂದಿದ್ದರು. ಎರಡು ಮಕ್ಕಳಿಗೆ, ಒಂದು ನನಗೆ. ಅದನ್ನು ನನ್ನ ಕೊರಳಿಗೆ ಹಾಕಲು ಬಂದವರು ನಡುವೆಯೇ ನಿಲ್ಲಿಸಿ ಕೈಗೆ ಕೊಟ್ಟರು. ಎಲ್ಲರೂ ಬೆಂಚಿನ ಮೇಲೆ ಕೂತು ಅತ್ತೆ ಕಟ್ಟಿಕೊಂಡು ಬಂದಿದ್ದ ಚಪಾತಿ ಸುರುಳಿ ತಿಂದೆವು. ಅತ್ತೆ ಮಗನನ್ನೇ ನೋಡುತ್ತಿದ್ದರು. ನನ್ನ ಗಂಡನ ಕಣ್ಣ ಕೆಳಗೆ ಕಪ್ಪಾಗಿತ್ತು, ಕಾಲರು ಸಡಿಲವಾಗಿತ್ತು. ಅವರು ಅಲ್ಲಿ ಸುಖವಾಗಿದ್ದಾರೆ, ಹೋಟೆಲಿನವರು ಹಾಸಿಗೆ ಹಾಸಿಕೊಡುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ. ಅವತ್ತು ಆ ಬೆಳಕಿನಲ್ಲಿ ನೋಡಿದರೆ ಅವರೂ ನನ್ನಷ್ಟೇ ದಣಿದಿದ್ದರು.

ಏಳುವ ಹೊತ್ತಿಗೆ ಅವರು ಅತ್ತೆಯ ಕಾಲಿಗೆ ಬಗ್ಗಿದರು. ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟು, "ಆಫ್ರಿಕಾ ಅಂದೋನು ನೀನು ಕಣೋ," ಅಂದರು. ಅಷ್ಟೇ. ಬೈಗುಳದ ಹಾಗೆ ಅಲ್ಲ, ಚಿಕ್ಕ ಮಗು ತಟ್ಟೆಯಲ್ಲಿ ಬಿಟ್ಟು ಎದ್ದ ಅನ್ನವನ್ನು ನೋಡಿ ಹೇಳುವ ಹಾಗೆ. ನನ್ನ ಗಂಡ ತಲೆ ಎತ್ತದೆ ಮಗನ ಶೂ ಲೇಸ್ ಕಟ್ಟತೊಡಗಿದರು. ಆ ಲೇಸನ್ನು ಮತ್ತೆ ಐದು ನಿಮಿಷಕ್ಕೆ ಸೆಕ್ಯುರಿಟಿಯಲ್ಲಿ ಬಿಚ್ಚಬೇಕಿತ್ತು. 

ವಿಮಾನ ಪ್ರಯಾಣದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಎಂದೂ ಮುಗಿಯುವುದಿಲ್ಲ ಎನ್ನುವಷ್ಟು ಉದ್ದವಾಗಿತ್ತು, ಇಂಧನ ತುಂಬಲು ಒಂದು ಕಡೆ ನಿಂತು ಮತ್ತೆ ಅಷ್ಟೇ ಉದ್ದವಾಯಿತು. ಮಕ್ಕಳು ನನ್ನ ತೊಡೆಯ ಮೇಲೆ ಎರಡೂ ಕಡೆಯಿಂದ ತಲೆಯಿಟ್ಟರು. ನನ್ನ ಎರಡೂ ಕಾಲು ಜೋಮು ಹಿಡಿದು ಬಿದ್ದಿದ್ದವು. ಇಳಿದ ಮೇಲೆ ವ್ಯಾನಿನಲ್ಲಿ ನಾಲ್ಕೈದು ಗಂಟೆಯ ಕೆಂಪು ಧೂಳಿನ ದಾರಿ. ಲಾಡ್ಜ್ ತಲುಪಿದಾಗ ಬಾಗಿಲಲ್ಲಿ ಒದ್ದೆ ಟವೆಲು ಹಿಡಿದುಕೊಂಡು ನಿಂತವರು ನಿಮ್ಮ ಯಜಮಾನರು ಎಲ್ಲಿ ಎಂದು ಕೇಳಿದರು. ಅವರ ಕಾಗದದಲ್ಲಿ ಇನ್ನೂ ಐದು ಜನ ಎಂದೇ ಇತ್ತು.

ನಮ್ಮ ಗೈಡ್ ಮೂವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ. ಜೀಪು ಎಷ್ಟು ಎತ್ತರವಿತ್ತೆಂದರೆ ಅತ್ತೆ ಅದನ್ನು ನೋಡಿ, ನಾನಿಲ್ಲೇ ಇರ್ತೀನಿ ಕಣಮ್ಮ ಅಂದರು. ಆತ ಒಳಗೆ ಹೋಗಿ ಒಂದು ಮರದ ಸ್ಟೂಲು ತಂದಿಟ್ಟು, ಕೈ ನೀಡಿ, ಅತ್ತೆಯನ್ನು 'ಕೋಕೋ' ಎಂದು ಕರೆದ. ಅವರ ಮಾತಿನಲ್ಲಿ ಅಜ್ಜಿ ಎಂದಂತೆ. ಅತ್ತೆ ಕಾಫಿಪುಡಿ ಬಣ್ಣದ ಸೀರೆಯ ಮೇಲೆ ನನ್ನ ಗಂಡನ ಹಳೆಯ ಜಾಕೆಟ್ ತೊಟ್ಟು, ತಲೆಗೆ ಮಂಕಿ ಕ್ಯಾಪ್ ಹಾಕಿ, ಮಹಾರಾಣಿಯ ಹಾಗೆ ಮಧ್ಯದ ಸಾಲಿನಲ್ಲಿ ಕೂತರು. ಮಗ ಅವರ ಅಂಗೈ ಹಿಡಿದುಕೊಂಡ.

ಮೊದಲ ಸಂಜೆ ಆನೆಗಳು ಸಿಕ್ಕವು. ನೀರಿನ ಹೊಂಡದ ಹತ್ತಿರ ಮರಿಗಳ ಸಮೇತ ದೊಡ್ಡ ಹಿಂಡು. ಗೈಡ್ ಇಂಜಿನ್ ಆಫ್ ಮಾಡಿದ. ಆನೆಗಳು ಹುಲ್ಲು ಕಿತ್ತು ಮಣ್ಣು ಕೊಡವುವ ಸದ್ದು ಕೂಡ ಕೇಳಿಸುತ್ತಿತ್ತು. ಮಗ ಪಿಟ್ಟೆನ್ನಲಿಲ್ಲ. ಅಜ್ಜಿಯ ಕೈಯನ್ನು ಹಿಂಡುತ್ತಲೇ ಇದ್ದ. ನಾನಾದರೋ ಆನೆ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದೆ. ಈಗ ಮಾತಾಡುತ್ತಾನೆ, ಈಗ ಏಳುತ್ತಾನೆ ಎಂದು ನನ್ನ ಒಂದು ಕೈ ಅವನ ಅಂಗಿಯ ಬೆನ್ನನ್ನು ಹಿಡಿದೇ ಇತ್ತು. ಕೊನೆಗೆ ಅವನು ನಿಧಾನವಾಗಿ ತಿರುಗಿ, ಆದಷ್ಟು ಸಣ್ಣ ದನಿಯಲ್ಲಿ, "ಅಮ್ಮಾ, ಐ ಹ್ಯಾವ್ ಟು ಗೋ," ಅಂದ. ಅಭ್ಯಾಸದಲ್ಲಿ ನಾವು ಉಚ್ಚೆಯೊಂದನ್ನು ಮರೆತಿದ್ದೆವು. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ದಂಪತಿ ನಕ್ಕರು. ಗೈಡ್ ಜೀಪನ್ನು ಮೆಲ್ಲಗೆ ಹಿಂದಕ್ಕೆ ತೆಗೆದು, ದೂರದ ಬಯಲಿನಲ್ಲಿ ಇಳಿದು ಸುತ್ತ ನೋಡಿ ಬಂದು, ಮಗನನ್ನು ತಾನೇ ಇಳಿಸಿಕೊಂಡ.

ಮರುದಿನವೂ ಹಾಗೇ. ಜಿರಾಫೆ, ಜೀಬ್ರಾ, ಬಾಲ ಎತ್ತಿಕೊಂಡು ಓಡುವ ಕಾಡುಹಂದಿಗಳು. ನಾನು ಟೋಪಿ ಹಾಕಿಸುವುದು, ಸನ್‌ಸ್ಕ್ರೀನ್ ಹಚ್ಚುವುದು, ಮಗಳಿಗೆ ಸ್ವೆಟರ್ ಕೊಡುವುದು, ಅತ್ತೆಯ ಬಿಪಿ ಮಾತ್ರೆ ನೆನಪಿಸುವುದು, ಅಡುಗೆಯವನಿಗೆ ಸೂಪಿನಲ್ಲಿ ಕೋಳಿ ನೀರು ಹಾಕಬೇಡ ಎಂದು ಮತ್ತೆ ಹೇಳುವುದು. ಕ್ಯಾರಿಯ ಅಡುಗೆಮನೆಯನ್ನೇ ಹೊತ್ತುಕೊಂಡು ಬಂದು ಇಲ್ಲಿ ಇಳಿಸಿದ ಹಾಗಿತ್ತು, ಸುತ್ತ ಕಾಡು ಅಷ್ಟೇ. ಕೊನೆಯ ದಿನ ಬೆಳಿಗ್ಗೆ ಸಿಂಹ ಹುಡುಕೋಣ ಎಂದು ಗೈಡ್ ಬೇಗ ಎಬ್ಬಿಸಿದ. ಚಳಿಯಿತ್ತು. ಎಲ್ಲರ ಮಡಿಲಿಗೂ ಒಂದೊಂದು ಬಿಸಿನೀರಿನ ಚೀಲ, ಮೇಲೊಂದು ಕಂಬಳಿ ಕೊಟ್ಟರು. ಮಗ ಈ ಸಲ ಗೈಡಿನ ಹಿಂದಿನ ಸೀಟಿನಲ್ಲಿ ಅಕ್ಕನ ಜೊತೆ ಕೂರುತ್ತೇನೆ ಎಂದ. ಹಾಗಾಗಿ ನಾನು ಅತ್ತೆಯ ಪಕ್ಕ ಅಂಚಿನ ಸೀಟಿನಲ್ಲಿ ಕೂತೆ. ನನ್ನ ಕೈಯಲ್ಲಿ ಹಿಡಿದುಕೊಳ್ಳಲು ಯಾರ ಅಂಗಿಯೂ ಇರಲಿಲ್ಲ. ಜೀಪು ಮಣ್ಣಿನ ದಾರಿಯಲ್ಲಿ ತೂಗುತ್ತಾ ಹೊರಟಿತು. ಪೂರ್ವದಲ್ಲಿ ಸಣ್ಣ ಬೆಳಕು. ಅಷ್ಟು ನೆನಪಿದೆ.

ಎಚ್ಚರವಾದಾಗ ಬಿಸಿಲು ಬಿದ್ದಿತ್ತು. ಜೀಪು ಒಂದು ಮರದ ಕೆಳಗೆ ನಿಂತಿತ್ತು. ಗೈಡ್ ಬಾನೆಟ್ಟಿನ ಮೇಲೆ ಕಾಫಿ ಲೋಟಗಳನ್ನು ಜೋಡಿಸುತ್ತಿದ್ದ. ನನ್ನ ತಲೆ ಅತ್ತೆಯ ಹೆಗಲ ಮೇಲಿತ್ತು. ಅವರ ಪಾಲಿನ ಕಂಬಳಿಯೂ ನನ್ನ ಮೇಲೇ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಗ ಇನ್ನು ತಡೆಯಲಾರದೆ, "ಅಮ್ಮಾ, ಲಯನ್ ಬಂತು! ನಿನ್ನ ಸೈಡೇ ಬಂತು," ಅಂದ.

ದೊಡ್ಡ ಗಂಡು ಸಿಂಹವಂತೆ. ರಾತ್ರಿಯೆಲ್ಲ ಬೇಟೆಯಾಡಿ ವಾಪಸು ಹೋಗುತ್ತಿದ್ದದ್ದು. ದಾರಿಯ ಮಧ್ಯೆ ನಡೆದು ಬಂದು, ಜೀಪಿನ ಪಕ್ಕ, ನಾನು ಕೂತ ಅಂಚಿನಲ್ಲೇ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಹಾದು ಹೋಯಿತಂತೆ. ಸ್ವಲ್ಪ ಹೊತ್ತು ನಿಂತು ನನ್ನನ್ನು ನೋಡಿತು ಎಂದು ಮಗಳು ಹೇಳಿದಳು. ಅದು ಹೊರಟುಹೋದ ಮೇಲೆ ದೂರದಿಂದ ಗರ್ಜಿಸಿತಂತೆ, ಜೀಪಿನ ಕಬ್ಬಿಣ ನಡುಗಿತಂತೆ. ನಾನು ಏಳಲಿಲ್ಲ.

ತಿಂಗಳುಗಟ್ಟಲೆ ಅದಕ್ಕಾಗಿಯೇ ಓಡಾಡಿದ್ದೆ. ಯಾರೂ ಎಬ್ಬಿಸಲಿಲ್ಲವೇ ಎಂದು ಮಕ್ಕಳನ್ನು ಕೇಳಿದೆ. ನನ್ನ ದನಿ ನನಗೇ ಅಳುವಿನಂತೆ ಕೇಳಿಸಿತು.

"ಅಜ್ಜಿ ಸೆಡ್ ನೋ," ಅಂದಳು ಮಗಳು.

"ನಾನೇ ಬೇಡ ಅಂದೆ," ಅಂದರು ಅತ್ತೆ. "ಏಪ್ರಿಲಿಂದ ನೋಡ್ತಾ ಇದೀನಿ, ನೀನು ಹೀಗೆ ಮಲಗಿದ್ದನ್ನ ನಾನು ಒಂದಿನಾನೂ ನೋಡಿಲ್ಲ. ಸಿಂಹಕ್ಕೋಸ್ಕರ ಎಬ್ಬಿಸೋದಾ?"

 ಗೈಡ್ ಕಾಫಿ ತಂದು ಕೊಟ್ಟ. ಸಂಜೆ ಮತ್ತೆ ಹುಡುಕೋಣ ಎಂದು ಭರವಸೆ ಕೊಟ್ಟ. ಸಂಜೆ ಹುಡುಕಿದೆವು, ಸಿಗಲಿಲ್ಲ. ಆಶ್ಚರ್ಯವೆಂದರೆ ನನಗೆ ಅಷ್ಟೇನೂ ಬೇಸರವಾಗಲಿಲ್ಲ. ಆ ಕಾಫಿ ಕುಡಿಯುವಾಗ ಮೈಯೆಲ್ಲ ಹಗುರವಾಗಿತ್ತು. ಮರದ ಮೇಲೆ ದೊಡ್ಡ ಹಳದಿ ಕೊಕ್ಕಿನ ಹಕ್ಕಿಯೊಂದು ಕೂತಿತ್ತು. ಆ ಪ್ರವಾಸದಲ್ಲಿ ನಾನು ಸರಿಯಾಗಿ, ಬೇರೆ ಯೋಚನೆಯಿಲ್ಲದೆ ನೋಡಿದ್ದು ಅದೊಂದನ್ನೇ.

ಜೋಹಾನ್ಸ್‌ಬರ್ಗ್‌ನಲ್ಲಿ ಅತ್ತೆಯ ವಿಮಾನ ನಮ್ಮದಕ್ಕಿಂತ ಮುಂಚೆ. ವೀಲ್‌ಚೇರ್ ತಳ್ಳುವ ಹುಡುಗಿ ಬಂದಳು. ನಾನು ನಮಸ್ಕಾರ ಮಾಡಲು ಬಗ್ಗಿದರೆ ಅತ್ತೆ ಭುಜ ಹಿಡಿದು ತಡೆದು, ಇಲ್ಲಿ ಎಲ್ಲರೂ ನೋಡ್ತಾರೆ ಬೇಡ ಅಂದರು. ಮಗ ಅವರ ಅಂಗೈಯನ್ನು ಒತ್ತಿದ, ಅವರು ವಾಪಸು ಒತ್ತಿದರು. ಮನೇಲಿ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಮುಗಿದಿದೆ ಎಂದು ನನಗೆ ಹೇಳಿ ಹೊರಟುಹೋದರು. ಅವರ ಮಂಕಿ ಕ್ಯಾಪ್ ಜನರ ನಡುವೆ ಮರೆಯಾಗುವವರೆಗೂ ನಾವು ನಿಂತಿದ್ದೆವು. ನನ್ನ ಗಂಡನ ಜಾಕೆಟ್ಟನ್ನು ಅವರು ಹಾಕಿಕೊಂಡೇ ಹೋಗಿದ್ದರು.

ವಾಪಸು ಬಂದ ವಾರ ನನ್ನ ಗಂಡ ಗುರುವಾರದ ಬದಲು ಬುಧವಾರವೇ ಬಂದರು. ಅವರ ಸಿಸ್ಟಂ ಚಾಲೂ ಆಗಿತ್ತು. ಮಕ್ಕಳು ರಾತ್ರಿ ಊಟ ಬಿಟ್ಟು ಸಿಂಹದ ಕಥೆ ಹೇಳಿದರು. ಮಗ ಗರ್ಜಿಸಿ ತೋರಿಸಿದ. ಎಲ್ಲ ಕೇಳಿ ನನ್ನ ಕಡೆ ತಿರುಗಿ, ನಿನಗೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರು. ನಾನು ನಿದ್ದೆ ಮಾಡುತ್ತಿದ್ದೆ ಎಂದೆ. ಅವರು ನಕ್ಕರು. ಮಕ್ಕಳು ನಗಲಿಲ್ಲ. ಆಮೇಲೆ ಅವರೂ ನಿಲ್ಲಿಸಿದರು.

ಅದಾದ ಮೇಲೆ ಎಲ್ಲ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಇನ್ನೂ ಒಂದು ಚಳಿಗಾಲ ಅಟ್ಲಾಂಟಾಕ್ಕೆ ಓಡಾಡಿದರು. ವಸಂತದಲ್ಲಿ ರಾಲಿಯಲ್ಲೇ ಒಂದು ಕೆಲಸ ಸಿಕ್ಕಿತು, ಮೊದಲಿನಷ್ಟು ದೊಡ್ಡದಲ್ಲ. ಮೊದಲ ಕೆಲವು ವಾರ ಮಂಗಳವಾರ ಬೆಳಿಗ್ಗೆ ಅವರು ಅಡುಗೆಮನೆಯಲ್ಲಿ ನಿಂತಿರುವುದನ್ನು ನೋಡಿ ನನಗೆ ಯಾರೋ ನೆಂಟರು ಬಂದಂತೆ ಅನ್ನಿಸುತ್ತಿತ್ತು. ಕಾಫಿ ಲೋಟ ಎಲ್ಲಿದೆ ಎಂದು ಕೇಳುತ್ತಿದ್ದರು. ತೋರಿಸಿಕೊಡುತ್ತಿದ್ದೆ.

ಆ ಬೇಸಿಗೆಯಲ್ಲಿ ಎಲ್ಲಿಗೆ ಹೋಗೋಣ ಎಂದು ಅವರು ಕೇಳಿದಾಗ, ಎಲ್ಲಿಗಾದರೂ ಸರಿ, ಆದರೆ ಈ ಸಲ ನೀವೇ ಎಲ್ಲ ನೋಡಿಕೊಳ್ಳಿ ಎಂದೆ. ಅವರು ಕೂತು ಸೌತ್ ಕೆರೊಲಿನಾದ ಸಮುದ್ರದ ದಡದಲ್ಲಿ ಒಂದು ಮನೆ ಬುಕ್ ಮಾಡಿದರು. ಹೋಗಿ ನೋಡಿದರೆ ಸಮುದ್ರ ಎರಡು ರಸ್ತೆ ಆಚೆ ಇತ್ತು, ಅಡುಗೆಮನೆಯಲ್ಲಿ ಒಂದೇ ಒಂದು ಬಾಣಲೆ. ಮಕ್ಕಳ ಈಜುಡುಗೆ ಕ್ಯಾರಿಯಲ್ಲೇ ಉಳಿದಿತ್ತು. ಅವರು ಪೆಚ್ಚಾಗಿ ನನ್ನ ಮುಖ ನೋಡಿದರು. ನಾನು ಹೊರಡುವಾಗ ನನ್ನ ಬ್ಯಾಗನ್ನು ಮಾತ್ರ ಕಟ್ಟಿಕೊಂಡು ಬಂದಿದ್ದೆ. ಅದರಿಂದ ಒಂದು ಟವೆಲು ತೆಗೆದುಕೊಂಡು ಸಮುದ್ರದ ಕಡೆ ನಡೆದೆ. ಹಿಂದಿನಿಂದ ಅವರು ಕಾರಿನ ಕೀ ಹುಡುಕುತ್ತಾ, ಇಲ್ಲಿ ಈಜುಡುಗೆ ಎಲ್ಲಿ ಸಿಗುತ್ತೆ ಎಂದು ಮಗಳನ್ನು ಕೇಳುತ್ತಿದ್ದರು.